ಬೈರಾಸ ಬೀಸುತ್ತಿದ್ದ ಮನುಷ್ಯ

ಮಣಿಪಾಲ

ನಾನು ವಿದೇಶಕ್ಕೆ ಹೋದದ್ದು ನನ್ನ ಬಾಯಿಯ ದೆಸೆಯಿಂದ. ಉಡುಪಿಯ ಕೋರ್ಟಿನಲ್ಲಿ ಇಪ್ಪತ್ತು ವರ್ಷಗಳಿಂದ ಗಡಿ ತಕರಾರು, ಬಾವಿ ತಕರಾರು, ದಾರಿ ತಕರಾರು ಎಂದು ಓಡಾಡಿಕೊಂಡಿರುವ ವಕೀಲ ನಾನು. ಕಾಪುವಿನ ಮೀನುಗಾರರ ಮನೆಯಲ್ಲಿ ಹುಟ್ಟಿದವ. ಅಂತರರಾಷ್ಟ್ರೀಯ ಕಾನೂನು ಎಂಬುದು ನನ್ನನ್ನು ಹೆಸರು ಹಿಡಿದು ಕರೆಯುತ್ತದೆ ಎಂದು ಕನಸಿನಲ್ಲಿಯೂ ಎಣಿಸಿರಲಿಲ್ಲ.

2009ರ ಫೆಬ್ರವರಿಯಲ್ಲಿ ಮಣಿಪಾಲದಲ್ಲಿ ವಿದ್ಯಾರ್ಥಿಗಳಿಗಾಗಿ ಒಂದು ಚರ್ಚೆ ಇಟ್ಟಿದ್ದರು. ಪೈಲಟ್ ಇಲ್ಲದ ವಿಮಾನ, ಈಗ ಡ್ರೋನ್ ಎನ್ನುತ್ತಾರಲ್ಲ, ಅದನ್ನು ಕಳಿಸಿ ಭಯೋತ್ಪಾದಕರನ್ನು ಕೊಲ್ಲುವುದು ಸರಿಯೇ ಎಂಬುದು ವಿಷಯ. ಸರಿಯಲ್ಲ ಎನ್ನಲು ನಾಲ್ಕು ಮಂದಿ ಸಿಕ್ಕಿದ್ದರು. ಸರಿ ಎನ್ನಲು ಯಾರೂ ಸಿಗದೆ ಸಂಘಟಕರು ಹಿಂದಿನ ದಿನ ನನಗೆ ಫೋನ್ ಮಾಡಿದರು. ಯಾವ ಪಕ್ಷಕ್ಕೆ ಬೇಕಾದರೂ ಮಾತಾಡುತ್ತಾನೆ ಎಂಬ ಹೆಸರು ನನಗೆ ಮೊದಲಿನಿಂದಲೂ ಉಂಟು.

ಆದರೆ ಅಂದು ನಾನು ಬಾಡಿಗೆಗೆ ಮಾತಾಡಲಿಲ್ಲ. ನನ್ನ ಭಾವ, ಅಕ್ಕನ ಗಂಡ, ಮುಂಬೈಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದವರು. ಲೋಕಲ್ ರೈಲಿನಲ್ಲಿ ಬಾಂಬು ಸಿಡಿದ ಸಂಜೆ ಅವರ ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ಈಗ ಕಾರ್ಕಳದ ಮನೆಯಲ್ಲಿ ಕೃತಕ ಕಾಲನ್ನು ಕುರ್ಚಿಗೆ ಒರಗಿಸಿಟ್ಟು ಪೇಪರ್ ಓದುತ್ತಾರೆ. ಅವರನ್ನು ನೆನೆದುಕೊಂಡೇ ನಾನು ವೇದಿಕೆ ಹತ್ತಿದ್ದು. ಪೊಲೀಸ್ ಜೀಪು ಹೋಗಲಾರದ ಬೆಟ್ಟದಲ್ಲಿ ಕುಳಿತು ನಮ್ಮ ರೈಲಿಗೆ ಬಾಂಬು ಇಡಲು ಕಳಿಸುವವನಿಗೆ ಸಮನ್ಸ್ ಜಾರಿ ಮಾಡುವವರು ಯಾರು ಎಂದು ಕೇಳಿದೆ. ಊರಿಡೀ ಸುಡುವ ಬಾಂಬಿಗಿಂತ ಒಬ್ಬನನ್ನೇ ಹುಡುಕಿ ಹೊಡೆಯುವ ಯಂತ್ರ ಹೆಚ್ಚು ದಯೆಯುಳ್ಳದ್ದು ಎಂದೂ ಹೇಳಿದೆ. ಚಪ್ಪಾಳೆ ಜೋರಾಗಿಯೇ ಬಿತ್ತು. ಹಿಂದಿನ ಸಾಲಿನಲ್ಲಿ ಒಬ್ಬ ವಿದೇಶಿ ಪ್ರೊಫೆಸರು ಕುಳಿತು ಬರೆದುಕೊಳ್ಳುತ್ತಿದ್ದುದು ನನ್ನ ಗಮನಕ್ಕೆ ಬರಲಿಲ್ಲ.

ಏಪ್ರಿಲಿನಲ್ಲಿ ಅವರಿಂದ ಪತ್ರ ಬಂತು. ನೆದರ್ಲ್ಯಾಂಡ್ಸಿನ ಹೇಗ್ ನಗರದಲ್ಲಿ ಒಂದು ಸಣ್ಣ ಸಂಸ್ಥೆ ಇಂಥ ದಾಳಿಗಳ ಕುರಿತು ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಮೂವರು ವಕೀಲರ ಸಮಿತಿ ಕೂರುತ್ತದೆ, ಅದರಲ್ಲಿ ನೀವೊಬ್ಬರು ಎಂದು ಬರೆದಿದ್ದರು. ಅದು ಸರಕಾರದ ಕೋರ್ಟಲ್ಲ. ಅಭಿಪ್ರಾಯ ಬರೆದು ಕೊಡಬಹುದು, ಅಷ್ಟೇ. ಜೂನಿನಲ್ಲಿ ಹೊರಟೆ.

ಹೇಗ್, ಮೊದಲ ದಿನ

ಕಾಲಿಟ್ಟ ಗಂಟೆಯೊಳಗೆ ನನಗೆ ಏಳೆಂಟು ಮಂದಿ ಗಂಟೆ ಬಾರಿಸಿ ನಮಸ್ಕಾರ ಮಾಡಿದರು. ಸೈಕಲ್ ಸವಾರರು. ಎಷ್ಟು ಸ್ನೇಹದ ಜನ ಎಂದು ಒಬ್ಬೊಬ್ಬರಿಗೂ ಕೈ ಎತ್ತಿದೆ. ನಾನು ಸೈಕಲಿಗೇ ಮೀಸಲಾದ ದಾರಿಯ ನಟ್ಟನಡುವೆ ಸೂಟ್‌ಕೇಸ್ ಎಳೆದುಕೊಂಡು ನಡೆಯುತ್ತಿದ್ದೇನೆ ಎಂದು ತಿಳಿದದ್ದು, ಒಬ್ಬ ಮುದುಕಿ ಸೈಕಲ್ ನಿಲ್ಲಿಸಿ ತನ್ನ ಭಾಷೆಯಲ್ಲಿ ಚೆನ್ನಾಗಿ ಬೈದ ಮೇಲೆ. ಸಂತೆಕಟ್ಟೆಯ ಹೈವೇಯನ್ನು ನಿತ್ಯ ದಾಟುವವನಿಗೆ ಸೈಕಲಿನ ಹೆದರಿಕೆ ಕಲಿಯಲು ಅಲ್ಲಿಯವರೆಗೆ ಹೋಗಬೇಕಾಯಿತು.

ನಾನು ಉಳಿದುಕೊಂಡದ್ದು ಕೊರ್ರಿ ಎಂಬ ಎಪ್ಪತ್ತು ದಾಟಿದ ಮಹಿಳೆಯ ಮನೆಯಲ್ಲಿ. ಕಾಫಿಯ ಜೊತೆ ಬಿಸ್ಕತ್ತಿನ ಡಬ್ಬಿ ಮುಂದೆ ಹಿಡಿದರು. ಒಂದು ತೆಗೆದುಕೊಂಡೆ. ಡಬ್ಬಿಯ ಮುಚ್ಚಳ ಟಪ್ಪನೆ ಮುಚ್ಚಿತು. ಸಾಕು ಸಾಕು ಎಂದ ಮೇಲೂ ಇನ್ನೆರಡು ಬಡಿಸುವ ಊರಿನಿಂದ ಬಂದವನಿಗೆ ಆ ಸದ್ದು ಸ್ವಲ್ಪ ದೊಡ್ಡದಾಗಿಯೇ ಕೇಳಿಸಿತು. ಜಿಪುಣತನವಲ್ಲ, ಅಲ್ಲಿಯ ಪದ್ಧತಿಯೇ ಹಾಗೆ ಎಂದು ಆಮೇಲೆ ತಿಳಿಯಿತು.

ಅದಕ್ಕಿಂತ ವಿಚಿತ್ರ ಅವರ ಪಾಯಿಖಾನೆ. ಅದರ ಗೋಡೆಯಲ್ಲಿ ನೆಂಟರಿಷ್ಟರ ಹುಟ್ಟುಹಬ್ಬಗಳನ್ನು ಬರೆದಿಟ್ಟ ಕ್ಯಾಲೆಂಡರ್. ದಿನಕ್ಕೊಮ್ಮೆಯಾದರೂ ಕಣ್ಣಿಗೆ ಬೀಳುವ ಜಾಗ ಅದೇ ಅಲ್ಲವೇ ಎಂಬುದು ಅವರ ವಾದ. ನನ್ನ ಹುಟ್ಟಿದ ದಿನವನ್ನೂ ಕೇಳಿದರು. ಅಮ್ಮನ ಪ್ರಕಾರ ಅದು ಬೂತಾಯಿ ಮೀನು ರಾಶಿ ಬಿದ್ದ ವರ್ಷದ ಒಂದು ಮಂಗಳವಾರ, ಶಾಲೆಯ ಮೇಷ್ಟ್ರ ಪ್ರಕಾರ ಜೂನ್ ಒಂದು ಎಂದೆ. ಕೊರ್ರಿ ಬಹಳ ಹೊತ್ತು ಯೋಚಿಸಿ ಪೆನ್ಸಿಲಿನಲ್ಲಿ ಬರೆದುಕೊಂಡರು.

ಹತ್ತಿರದ ಕಡಲತೀರಕ್ಕೆ ಯಾವ ಟ್ರಾಮ್ ಎಂದು ಕೇಳಿ ನಾನು ಆ ಊರಿನ ಹೆಸರು ಹೇಳಿದಾಗ ಅವರಿಗೆ ನಗು ತಡೆಯಲಾಗಲಿಲ್ಲ. ಸ್ಖೇವನಿಂಗನ್. ಗಂಟಲಿನೊಳಗೆ ಮೀನಿನ ಮುಳ್ಳು ಸಿಕ್ಕಿದಾಗ ಕೆರೆದುಕೊಳ್ಳುವ ಸದ್ದನ್ನು ಹೆಸರಿನ ನಡುವೆ ತರಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗುರುತು ಸಿಗದವರಿಂದ ಈ ಒಂದು ಹೆಸರನ್ನು ಹೇಳಿಸಿಯೇ ಶತ್ರುವನ್ನು ಪತ್ತೆಮಾಡುತ್ತಿದ್ದರಂತೆ. ಆ ಪರೀಕ್ಷೆಯಲ್ಲಿ ನಾನು ಮೂರು ಸಲ ಕೂತೆ, ಮೂರು ಸಲವೂ ಶತ್ರುವೇ. ನಮ್ಮಲ್ಲಿಯೂ ‘ಉಂಟು’ ಎಂದ ಕೂಡಲೇ ಬೆಂಗಳೂರಿನವರು ‘ಮಂಗಳೂರಾ?’ ಎಂದು ಕೇಳುತ್ತಾರೆ ಎಂದೆ. ಅಲ್ಲಿ ಕೇಳಿ ಬಿಟ್ಟುಬಿಡುತ್ತಾರೆ ತಾನೇ ಎಂದರು ಕೊರ್ರಿ.

ಎರಡನೆಯ ದಿನ, ವಿಚಾರಣೆ

ವಿಚಾರಣೆ ನಡೆದದ್ದು ಒಂದು ಹಳೆಯ ಶಾಲೆಯ ಸಭಾಂಗಣದಲ್ಲಿ. ದೂರುದಾರನ ಹೆಸರು ಸಾಲಿಹ್, ಮೂವತ್ತೈದರ ಆಸುಪಾಸಿನ ಮನುಷ್ಯ. ನಮ್ಮ ಅರಬ್ಬೀ ಸಮುದ್ರದ ಆಚೆಯ ದಡದವನು. ಊರಿನ ಹೆಸರನ್ನು ಎಲ್ಲಿಯೂ ಬರೆಯಬೇಡಿ ಎಂದು ಅವನು ಕೇಳಿಕೊಂಡದ್ದರಿಂದ ಬರೆಯುವುದಿಲ್ಲ. ಅವನ ಅಣ್ಣ ಕಡಲದಂಡೆಯಲ್ಲಿ ಡ್ರೋನ್ ದಾಳಿಗೆ ಸತ್ತಿದ್ದ. ಸತ್ತ ಮೇಲೆ ಭಯೋತ್ಪಾದಕರ ಪಟ್ಟಿಗೆ ಸೇರಿದ್ದ. ಅಣ್ಣನ ಇಬ್ಬರು ಗಂಡುಮಕ್ಕಳಿಗೆ ಆ ಕಾರಣದಿಂದ ಪಾಸ್‌ಪೋರ್ಟ್ ಇಲ್ಲ, ಹೊರಗೆ ಕೆಲಸವೂ ಇಲ್ಲ. ಸಾಲಿಹ್‌ಗೆ ಪರಿಹಾರ ಬೇಡವಾಗಿತ್ತು. ಅಣ್ಣ ಮೀನುಗಾರನಾಗಿದ್ದ ಎಂದು ಹೊರಗಿನ ನಾಲ್ಕು ಜನ ಒಪ್ಪುವ ಕಾಗದವೊಂದು ಬೇಕಾಗಿತ್ತು.

ಎದುರು ಪಕ್ಷದಲ್ಲಿ ಒಬ್ಬ ನಿವೃತ್ತ ಸೇನಾ ವಕೀಲರು. ಬೆಳ್ಳಗಿನ ಕೂದಲು, ತಗ್ಗಿದ ದನಿ, ಒಂದೂ ಕೆಟ್ಟ ಮಾತಿಲ್ಲ. ಕಾನೂನನ್ನು ಅವರು ಚೆನ್ನಾಗಿಯೇ ವಿವರಿಸಿದರು. ಯುದ್ಧವಾದರೆ ಶತ್ರುವನ್ನು ಎಚ್ಚರಿಸದೆ ಹೊಡೆಯಬಹುದು. ಯುದ್ಧವಲ್ಲವಾದರೆ ಬೇರೆ ದಾರಿಯೇ ಇಲ್ಲದಾಗ, ಅಪಾಯ ಎದುರಿಗೇ ಬಂದು ನಿಂತಾಗ ಮಾತ್ರ. ಯಾವುದಾದರೂ ಸರಿ, ನೋಡುತ್ತಿದ್ದವನಿಗೆ ಆ ಹೊತ್ತಿನಲ್ಲಿ ಏನು ಗೊತ್ತಿತ್ತು ಎಂದು ಕೇಳಬೇಕು, ಆಮೇಲೆ ಗೊತ್ತಾದದ್ದನ್ನು ಹಿಡಿದು ತಪ್ಪು ಹುಡುಕಬಾರದು ಎಂದರು. ನಾನು ತಲೆದೂಗಿದೆ.

ಆಮೇಲೆ ಚಿತ್ರ ತೋರಿಸಿದರು. ಯಾರೋ ಪತ್ರಕರ್ತನ ಕೈಗೆ ಸಿಕ್ಕಿ ಹೊರಬಂದ ಹನ್ನೆರಡು ನಿಮಿಷದ ಕಪ್ಪುಬಿಳುಪು ಚಿತ್ರ. ಶಬ್ದವಿಲ್ಲ. ಬಹಳ ಎತ್ತರದಿಂದ ತೆಗೆದದ್ದು. ಮನುಷ್ಯರೆಂದರೆ ಬಿಳಿಯ ಚುಕ್ಕೆಗಳು. ಮೂವತ್ತು ನಲವತ್ತು ಗಂಡಸರು ದಡದಲ್ಲಿ ಸುಮ್ಮನೆ ಕುಳಿತಿದ್ದಾರೆ. ಒಬ್ಬನೇ ಒಬ್ಬ ಎತ್ತರದ ಬಂಡೆಯ ಮೇಲೆ ನಿಂತು ಕಡಲನ್ನೇ ನೋಡುತ್ತಿದ್ದಾನೆ. ಇದ್ದಕ್ಕಿದ್ದಂತೆ ಅವನು ಬಟ್ಟೆ ಬೀಸುತ್ತಾನೆ. ಕುಳಿತವರು ಎದ್ದು ಓಡುತ್ತಾರೆ. ಉದ್ದನೆಯ, ಭಾರದ ಏನನ್ನೋ ಸಾಲಾಗಿ ಹೆಗಲಮೇಲೆ ಹೊತ್ತು ದೋಣಿಗೆ ತುಂಬುತ್ತಾರೆ. ಬಂಡೆಯವನು ಬಟ್ಟೆಯನ್ನು ಬಲಕ್ಕೆ ಹಿಡಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಅಲ್ಲಿಗೆ ಪರದೆ ಪೂರ್ತಿ ಬೆಳ್ಳಗಾಯಿತು.

“ಇವರು ಮೀನು ಹಿಡಿಯುತ್ತಿದ್ದರು ಎನ್ನುತ್ತೀರಿ. ನಿಮ್ಮ ಅಣ್ಣ ಬಟ್ಟೆ ಬೀಸಿ ಮೀನು ಹಿಡಿಯುತ್ತಿದ್ದರೇ?” ಎಂದು ಸೇನಾ ವಕೀಲರು ಸಾಲಿಹ್‌ನನ್ನು ಕೇಳಿದರು. ದುಭಾಷಿ ಅದನ್ನು ಅನುವಾದಿಸುವ ಮೊದಲೇ ಸಭೆಯಲ್ಲಿ ಸಣ್ಣ ನಗೆ ಎದ್ದಿತು. ನಾನೂ ನಕ್ಕೆ. ಸಾಲಿಹ್ ಏನೋ ಉದ್ದವಾಗಿ ಹೇಳಿದ. ದುಭಾಷಿ ತಡವರಿಸಿ, “ಹೌದು, ಅವರ ಊರಿನಲ್ಲಿ ಹಾಗೆಯೇ” ಎಂದಷ್ಟೇ ಹೇಳಿದ.

ಆ ಚಿತ್ರವನ್ನು ನಾವು ನಾಲ್ಕು ಸಲ ನೋಡಿದೆವು. ನೋಡುಗನಿಗೆ ಅನುಮಾನ ಬಂದದ್ದು ಸಹಜ, ದಾಳಿ ಕಾನೂನಿಗೆ ಹೊರತಾದುದಲ್ಲ ಎಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದೆ. ಮಧ್ಯಾಹ್ನ ಒಣ ಬ್ರೆಡ್ಡು, ಚೀಸು ಮತ್ತು ದೊಡ್ಡವರೂ ಮಕ್ಕಳಂತೆ ಲೋಟ ಹಿಡಿದು ಕುಡಿಯುವ ತಣ್ಣನೆಯ ಹಾಲು, ಇಷ್ಟೇ ಊಟ. ಅಲ್ಲಿ ಸಮಿತಿಯ ಉಳಿದಿಬ್ಬರ ಮನಸ್ಸೂ ತಿಳಿಯಿತು. ಒಬ್ಬರು ಸಾಲಿಹ್‌ನ ಕಡೆ, ಒಬ್ಬರು ಎದುರು. ನನ್ನ ಮಾತಿನ ಮೇಲೆ ಎಲ್ಲವೂ ನಿಂತಿತ್ತು.

ಹೆಸರು ಹೇಳಲಾಗದ ಕಡಲತೀರ

ಸಂಜೆ ಕೊರ್ರಿಯವರ ಮನೆಗೆಂದು ಹತ್ತಿದ ಟ್ರಾಮ್ ತಪ್ಪು ಟ್ರಾಮ್. ಕೊನೆಯ ನಿಲ್ದಾಣದಲ್ಲಿ ಇಳಿಸಿದರು. ಎದುರಿಗೆ ಸಮುದ್ರ. ಗಂಟೆ ಏಳಾದರೂ ನಮ್ಮ ಮಧ್ಯಾಹ್ನ ಮೂರರ ಬಿಸಿಲು. ಬಂದದ್ದೇ ಬಂದೆ, ಮೀನು ತಿನ್ನುವ ಎಂದು ಒಂದು ಗಾಡಿಯ ಮುಂದೆ ನಿಂತೆ. ಅಲ್ಲಿಯ ಹೆರಿಂಗ್ ಮೀನು ನೋಡಲು ನಮ್ಮ ಬೂತಾಯಿಯ ಅಕ್ಕನಂತಿರುತ್ತದೆ. ಅದನ್ನು ಹಸಿಯಾಗಿಯೇ, ನೀರುಳ್ಳಿ ಚೂರಿನ ಜೊತೆ, ಬಾಲ ಹಿಡಿದು ಆಕಾಶ ನೋಡುತ್ತ ಬಾಯಿಗೆ ಇಳಿಸಿಕೊಳ್ಳುತ್ತಾರೆ. ಮೂರು ಹೊತ್ತು ಮೀನು ತಿಂದು ಬೆಳೆದವನು ನಾನು. ಬೆಂಕಿ ಕಾಣದ, ಮೆಣಸು ಕಾಣದ ಆ ಮೀನನ್ನು ಹಿಡಿದುಕೊಂಡು ಧೈರ್ಯ ತಂದುಕೊಳ್ಳುತ್ತಿರುವಾಗ ಕಡಲಹಕ್ಕಿಯೊಂದು ಎರಗಿ ಕೈಯಿಂದಲೇ ಕಿತ್ತುಕೊಂಡು ಹೋಯಿತು.

ಹಿಂದಿನಿಂದ ಯಾರೋ ಜೋರಾಗಿ ನಕ್ಕರು. ತಿರುಗಿದರೆ ಸಾಲಿಹ್. ಅವನ ಕೈಯಲ್ಲಿಯೂ ಅದೇ ಮೀನು, ಮುಖದಲ್ಲಿಯೂ ಅದೇ ಸಂಕಟ.

ತೀರ್ಪು ಹೇಳುವವನು ಕಕ್ಷಿದಾರನ ಜೊತೆ ಕಡಲತೀರದಲ್ಲಿ ನಿಂತು ಮಾತಾಡುವಂತಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ಹೊರಟು ಹೋಗಲು ಮನಸ್ಸು ಬರಲಿಲ್ಲ. ಅವನು ಗಲ್ಫಿನ ಮೀನು ಮಾರುಕಟ್ಟೆಯಲ್ಲಿ ಮಲಯಾಳಿಗಳ ಜೊತೆ ದುಡಿದವನು. ಅವನ ಹಿಂದಿ ಮಲಯಾಳ ಬೆರೆತ ಮಾತಿಗೆ ನನ್ನ ಕಾಸರಗೋಡಿನ ಕಕ್ಷಿದಾರರು ಕಲಿಸಿದ ಮಲಯಾಳ ಸಾಕಾಯಿತು.

“ವಕೀಲ್ ಸಾಬ್, ಆ ದುಭಾಷಿ ಮರುಭೂಮಿಯವನು. ಅವನಿಗೆ ಕಡಲು ಗೊತ್ತಿಲ್ಲ. ನಾನು ಏನು ಹೇಳಿದೆ ಅಂತ ತೋರಿಸುತ್ತೇನೆ” ಎಂದ.

ಬೂಟು ಕಳಚಿ, ಕಾಲಿನ ಹೆಬ್ಬೆರಳಿನಿಂದ ಒದ್ದೆ ಮರಳಿನಲ್ಲಿ ಗೆರೆ ಎಳೆದ. ಇದು ದಡ. ಅದರಿಂದ ಹೊರಟು ಅದಕ್ಕೇ ಹಿಂತಿರುಗುವ ಒಂದು ಅರ್ಧ ವೃತ್ತ. ಎರಡು ತುದಿಗಳಲ್ಲಿ ಸಾಲು ಚುಕ್ಕೆಗಳು. ಎಲ್ಲದರಿಂದ ದೂರ ಒಂಟಿ ಚುಕ್ಕೆ. “ಇದು ಅಣ್ಣ.”

ನಾನು ನಿಂತು ಕೆಳಗೆ ನೋಡುತ್ತಿದ್ದೆ. ನೋಡುತ್ತಾ ನೋಡುತ್ತಾ ನನ್ನ ಬಾಯಿ ತಾನಾಗಿ ಮಾತಾಡಿತು. “ಹಗ್ಗದ ಒಂದು ತುದಿಯನ್ನು ದಡದವರ ಕೈಯಲ್ಲಿ ಬಿಟ್ಟು ದೋಣಿ ಹೋಗುತ್ತದೆ. ಬಂಡೆಯ ಮೇಲಿನವನಿಗೆ ಮಾತ್ರ ಮೀನಿನ ಹಿಂಡು ಕಾಣುತ್ತದೆ, ದೋಣಿಯವರಿಗೆ ಕಾಣುವುದಿಲ್ಲ. ಅವನು ಬಲಕ್ಕೆ ಬೀಸಿದರೆ ಬಲಕ್ಕೆ. ಕೆಳಗೆ ಇಳಿಸಿದರೆ ಬಲೆ ಬಿಡಬೇಕು.”

ಸಾಲಿಹ್ ನನ್ನ ಮುಖವನ್ನೇ ನೋಡಿದ. “ನಿಮಗೆ ಯಾರು ಹೇಳಿದರು?”

ಯಾರೂ ಹೇಳಬೇಕಾಗಿರಲಿಲ್ಲ. ಅದು ನಮ್ಮ ಕೈರಂಪಣಿ, ದಡದಲ್ಲಿ ನಿಂತು ಕೈಯಿಂದ ಎಳೆಯುವ ದೊಡ್ಡ ಬಲೆ. ಯಾಂತ್ರಿಕ ದೋಣಿಗಳು ಬರುವ ಮೊದಲು ಕಾಪುವಿನಿಂದ ಹೂಡೆಯವರೆಗೂ ನಮ್ಮವರ ಅನ್ನ ಅದೇ. ದೀಪಸ್ತಂಭದ ಬಂಡೆಯ ಮೇಲೆ ನಿಂತು, ನೀರಿನ ಬಣ್ಣ ನೋಡಿ, ಹೆಗಲ ಮೇಲಿನ ವಸ್ತ್ರ, ನಮ್ಮ ಬೈರಾಸ, ಬೀಸಿ ದೋಣಿಗೆ ದಾರಿ ತೋರಿಸುತ್ತಿದ್ದವರು ನನ್ನ ಅಪ್ಪ. ಶಾಲೆಗೆ ಹೋಗುವ ಮೊದಲು ನಾನು ಅವರ ಕಾಲಬುಡದಲ್ಲಿ ಕುಳಿತು ಅದನ್ನೇ ನೋಡುತ್ತಿದ್ದೆ. ಚಿತ್ರದಲ್ಲಿ ಹೆಗಲ ಮೇಲೆ ಹೊತ್ತದ್ದು ಸುತ್ತಿದ ಬಲೆ. ಸುಮ್ಮನೆ ಕುಳಿತದ್ದು ಅಪ್ಪನಂಥ ಒಬ್ಬನ ಕೈ ಏಳುವುದನ್ನು ಕಾಯುತ್ತ. ನಾಲ್ಕು ಸಲ ನೋಡಿದ್ದೇನೆ, ನಕ್ಕಿದ್ದೇನೆ. ನಮ್ಮವರನ್ನು ಮೇಲಿನಿಂದ ನಾನು ಯಾವತ್ತೂ ನೋಡಿರಲಿಲ್ಲ.

ನನಗೆ ತುಂಬ ನಾಚಿಕೆಯಾಯಿತು. ಸಾಲಿಹ್‌ಗೆ ನಾಳೆ ಸಿಗುವ ಎಂದಷ್ಟೇ ಹೇಳಿ ಟ್ರಾಮ್ ಹತ್ತಿದೆ.

ಮೂರನೆಯ ದಿನ

ಬೆಳಗ್ಗೆ ಎದ್ದಾಗ ಎರಡು ದಾರಿಗಳು ಕಾಣುತ್ತಿದ್ದವು. ತುಟಿ ಬಿಚ್ಚದೆ ಸಮಿತಿಯಲ್ಲಿಯೇ ಕುಳಿತು ಸಾಲಿಹ್‌ನ ಪರ ಮತ ಹಾಕಬಹುದು. ಒಬ್ಬರ ಎದುರು ಇಬ್ಬರಾಗಿ ಅವನಿಗೆ ಅವನ ಕಾಗದ ಸಿಗುತ್ತದೆ. ಆದರೆ ನಾನು ಕಕ್ಷಿದಾರನನ್ನು ಒಂಟಿಯಾಗಿ ಕಂಡು ಮಾತಾಡಿದ್ದೇನೆ. ಅದಕ್ಕಿಂತ ದೊಡ್ಡದು, ಆ ಸಭಾಂಗಣದಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದ ಸಂಗತಿಯೊಂದು ನನಗೆ ಗೊತ್ತು. ಗೊತ್ತಿರುವವನು ಸಾಕ್ಷಿ. ಸಾಕ್ಷಿಯೇ ತೀರ್ಪು ಬರೆಯುವುದನ್ನು ನಮ್ಮ ಯಾವ ಮುನ್ಸಿಫರು ಮಾಡಿದ್ದರೂ ನಾನು ಮೇಲಿನ ಕೋರ್ಟಿನವರೆಗೆ ಎಳೆಯುತ್ತಿದ್ದೆ. ಎದುರು ಪಕ್ಷದವರು ಪ್ರಶ್ನಿಸಲಾಗದ ಸಾಕ್ಷ್ಯವನ್ನು ತಲೆಯೊಳಗೆ ಬಚ್ಚಿಟ್ಟುಕೊಂಡು ಶಿಕ್ಷೆ ಕೊಡುವುದು ತಪ್ಪು ಎಂದಾದರೆ, ಹಾಗೆಯೇ ಬಿಡುಗಡೆ ಕೊಡುವುದೂ ತಪ್ಪೇ. ಸಾಲಿಹ್‌ನ ಅಣ್ಣನಿಗೆ ಆದದ್ದೂ ಅದೇ ಅಲ್ಲವೇ, ಅವನ ಮೇಲಿನ ಸಾಕ್ಷ್ಯವನ್ನು ಯಾರೂ ಪ್ರಶ್ನಿಸಲಿಲ್ಲ.

ಹತ್ತು ಗಂಟೆಗೆ ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿ, ಸಮಿತಿಯ ಕುರ್ಚಿ ಬಿಟ್ಟು ಸಾಕ್ಷಿಯ ಕುರ್ಚಿಯಲ್ಲಿ ಕುಳಿತೆ. ಕೈರಂಪಣಿಯನ್ನು ಹಲಗೆಯಲ್ಲಿ ಬರೆದು ವಿವರಿಸಿದೆ. ಚಿತ್ರವನ್ನು ಐದನೆಯ ಸಲ ಹಾಕಿಸಿ ಒಂದೊಂದು ಚಲನೆಯೂ ಏನೆಂದು ತೋರಿಸಿದೆ. ಈ ಸಲ ಯಾರೂ ನಗಲಿಲ್ಲ.

ಸೇನಾ ವಕೀಲರು ಎದ್ದರು. ದನಿ ಅದೇ ತಗ್ಗು.

“ನೀವು ಇದೇ ಕಸುಬಿನ ಮನೆಯಲ್ಲಿ ಹುಟ್ಟಿದವರು?”

“ಹೌದು.”

“ನಿನ್ನೆ ಈ ಚಿತ್ರವನ್ನು ಎಷ್ಟು ಸಲ ನೋಡಿದಿರಿ?”

“ನಾಲ್ಕು ಸಲ.”

“ಗುರುತು ಸಿಕ್ಕಿತೇ?”

“ಇಲ್ಲ.”

“ನಿಮಗೇ ಸಿಗದ ಗುರುತು, ಈ ಕಸುಬಿನ ಹೆಸರನ್ನೇ ಕೇಳದ, ಸಾವಿರಾರು ಮೈಲಿ ದೂರದಲ್ಲಿ ಕುಳಿತ ಒಬ್ಬ ಸೈನಿಕನಿಗೆ ಸಿಗಬೇಕಿತ್ತು ಎನ್ನುತ್ತೀರಾ?”

ಇಪ್ಪತ್ತು ವರ್ಷಗಳಲ್ಲಿ ಎಷ್ಟೋ ಸಾಕ್ಷಿಗಳನ್ನು ಹೀಗೆ ಮೂಲೆಗೆ ತಳ್ಳಿದ್ದೇನೆ. ತಳ್ಳಿಸಿಕೊಂಡಾಗ ಹೇಗಿರುತ್ತದೆ ಎಂದು ಅಂದು ತಿಳಿಯಿತು. ಹೇಳಿದೆ: “ಸಿಗಬೇಕಿತ್ತು ಎನ್ನುವುದಿಲ್ಲ. ಸಿಗುವುದಿಲ್ಲ ಎನ್ನುತ್ತಿದ್ದೇನೆ. ನಿನ್ನೆ ನಾನು ತಪ್ಪು ಬರೆದೆ. ಸಂಜೆ ಒಬ್ಬನ ಜೊತೆ ಮಾತಾಡಿದೆ, ಇವತ್ತು ತಿದ್ದಿಕೊಂಡೆ. ಆ ಸೈನಿಕನಿಗೆ ಮಾತಾಡಲು ಯಾರಿದ್ದರು?”

ಬೇರೆ ಪ್ರಶ್ನೆಗಳಿಲ್ಲ ಎಂದು ಅವರು ಕುಳಿತರು.

ಸಮಿತಿಯಲ್ಲಿ ಈಗ ಇಬ್ಬರೇ. ಮಧ್ಯಾಹ್ನದವರೆಗೆ ಚರ್ಚಿಸಿದರು. ಇಬ್ಬರೂ ತಮ್ಮ ತಮ್ಮ ಮಾತಿಗೆ ಅಂಟಿಕೊಂಡರು. ಒಮ್ಮತವಿಲ್ಲದ ಕಾರಣ ಅಭಿಪ್ರಾಯ ಕೊಡಲಾಗದು ಎಂದು ಎರಡು ಸಾಲು ಓದಿದರು. ಸಾಕ್ಷ್ಯ ಕಡತಕ್ಕೆ ಸೇರಿತು, ಸಾಲಿಹ್‌ಗೆ ಕಾಗದ ಸಿಗಲಿಲ್ಲ.

ಬಾಗಿಲಿನಲ್ಲಿ ಅವನು ನನ್ನನ್ನು ಕಾದು ನಿಂತಿದ್ದ. ಕೈ ಕೊಡಲಿಲ್ಲ.

“ನೀವು ಆ ಕುರ್ಚಿಯಲ್ಲಿಯೇ ಇದ್ದಿದ್ದರೆ ಕಾಗದ ಸಿಗುತ್ತಿತ್ತು.”

“ಹೌದು” ಎಂದೆ.

ಆಮೇಲೆ ಅವನು, “ಇವತ್ತು ಅಲ್ಲಿ ಕುಳಿತು ಹೇಳಿದ್ದನ್ನು ಬರೆದು ಕೊಡುತ್ತೀರಾ? ನಿಮ್ಮ ಊರಿನ ಸರಕಾರದ ಮುದ್ರೆ ಹಾಕಿ?” ಎಂದು ಕೇಳಿದ. ಕೊಡುತ್ತೇನೆ ಎಂದೆ.

ಕಾರ್ಕಳ

ಊರಿಗೆ ಬಂದ ವಾರದಲ್ಲಿ ಭಾವನನ್ನು ಕಾಣಲು ಹೋದೆ. ಕೊರ್ರಿ ಕೊಟ್ಟ ಬಿಸ್ಕತ್ತಿನ ಪೊಟ್ಟಣ ಅಕ್ಕನ ಕೈಗೆ ಕೊಟ್ಟೆ. ಭಾವನ ಎದುರು ಇದನ್ನೆಲ್ಲ ಹೇಳುವುದು ನನಗೆ ಸೇನಾ ವಕೀಲರ ಪಾಟೀಸವಾಲಿಗಿಂತ ಕಷ್ಟವಾಗಿತ್ತು. ಅವರ ಹೆಸರಿನಲ್ಲಿ ಅಲ್ಲವೇ ನಾನು ಮಣಿಪಾಲದಲ್ಲಿ ಅಬ್ಬರಿಸಿದ್ದು? ನಮ್ಮ ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಬಾಂಬು ಇಟ್ಟವರ ಮೇಲೆ ನನಗೆ ಈಗಲೂ ಸಿಟ್ಟೇ ಭಾವ. ಅವರನ್ನು ಬಿಟ್ಟುಬಿಡಿ ಅಂತ ನಾನು ಹೇಳಲಿಲ್ಲ” ಎಂದೆ.

ಅಕ್ಕ ಒಳಗಿನಿಂದ, “ಈ ಮನುಷ್ಯನಿಗೆ ಆದದ್ದು ಸಾಲದಾ? ಯಾರದ್ದೋ ಪರ ಮಾತಾಡಲಿಕ್ಕೆ ಅಷ್ಟು ದೂರ ಹೋದದ್ದಾ ನೀನು?” ಎಂದಳು.

ಭಾವ ಪೇಪರ್ ಮಡಚಿಟ್ಟರು. “ನೀನು ಸುಮ್ಮನಿರು ಮಾರಾಯ್ತಿ” ಎಂದು ಅಕ್ಕನಿಗೆ ಹೇಳಿ ನನ್ನ ಕಡೆ ತಿರುಗಿದರು. “ಆ ರೈಲಿನಲ್ಲಿ ನಾನು ಇದ್ದೇನೆ ಅಂತ ಬಾಂಬು ಇಟ್ಟವನಿಗೆ ಗೊತ್ತಿತ್ತಾ? ನಾನು ಯಾರು, ಎಂತ ಅಂತ ಅವನು ಕೇಳಲಿಲ್ಲ. ಆ ಮೀನಿನವನನ್ನೂ ಯಾರೂ ಕೇಳಲಿಲ್ಲ ಅಲ್ವಾ? ಬರೆದು ಕೊಡು ನೀನು.”

ಸ್ವಲ್ಪ ಹೊತ್ತಿಗೆ ಅಕ್ಕ ಮೂರು ಲೋಟ ಚಹಾ, ಪೊಟ್ಟಣದ ಅಷ್ಟೂ ಬಿಸ್ಕತ್ತು ತಂದಿಟ್ಟಳು.

ಉಡುಪಿ

ಕೋರ್ಟಿನ ಎದುರು ವಾರಿಜಕ್ಕನ ಟೈಪಿಂಗ್ ಅಂಗಡಿ ಉಂಟು. ನನ್ನ ಎಲ್ಲ ಅಫಿಡವಿಟ್‌ಗಳೂ ಅವರ ಕೈಯಲ್ಲಿಯೇ ಆಗುವುದು. ಸಾಲಿಹ್ ಮಿಂಚಂಚೆಯಲ್ಲಿ ಕಳಿಸಿದ್ದ ವಿವರಗಳ ಪ್ರತಿ ಕೊಟ್ಟೆ. ಮೃತನ ಹೆಸರು, ತಂದೆಯ ಹೆಸರು, ಕಸುಬು ಮೀನುಗಾರಿಕೆ ಎಂದು ಹೊಡೆದು ಅವರು ಕೇಳಿದರು, “ಹೂಡೆಯವರಾ ಇವರು?”

“ಅಲ್ಲ, ಆಚೆ ದಡದವರು.”

“ಹೊಳೆಯ ಆಚೆಯಾ?”

“ಕಡಲಿನ ಆಚೆ, ವಾರಿಜಕ್ಕ.”

ಅವರು ಮತ್ತೆ ಬೆರಳು ಓಡಿಸಿದರು. ನಾನು ಯಾರು, ಅಪ್ಪ ಏನು ಮಾಡುತ್ತಿದ್ದರು, ಚಿತ್ರದಲ್ಲಿ ಕಾಣುವುದು ಯಾಕೆ ಮೀನುಗಾರಿಕೆಯೇ ಎಂದು ಒಂದೊಂದಾಗಿ ಹೇಳುತ್ತ ಹೋದೆ. ಕೊನೆಯದಾಗಿ ಹೇಳಿದೆ: “ಈ ಚಿತ್ರವನ್ನು ಮೊದಲು ನಾಲ್ಕು ಬಾರಿ ನೋಡಿದಾಗ ಮೃತನು ಭಯೋತ್ಪಾದಕನೆಂದೇ ನಾನು ನಂಬಿದ್ದೆನು. ಅವನನ್ನು ಕೊಂದದ್ದು ಕಾನೂನಿಗೆ ಹೊರತಾದುದಲ್ಲ ಎಂದು ಬರೆದುಕೊಂಡಿದ್ದೆನು.”

ಕೀಲಿಮಣೆಯ ಸದ್ದು ನಿಂತಿತು.

“ವಕೀಲರೇ, ಇದು ಬೇಡ ಅಂತ ಕಾಣುತ್ತದೆ. ಮೇಲಿನದ್ದೆಲ್ಲ ಗಟ್ಟಿ ಉಂಟು. ಇದನ್ನು ಓದಿದರೆ ನಿಮ್ಮ ಮಾತನ್ನು ಯಾರು ನಂಬುತ್ತಾರೆ?”

ಬೇರೆ ಯಾರದ್ದಾದರೂ ಅಫಿಡವಿಟ್ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

“ಇರಲಿ, ಹೊಡೆಯಿರಿ. ಅಫಿಡವಿಟ್‌ನಲ್ಲಿ ಕಣ್ಣಾರೆ ಕಂಡದ್ದನ್ನು ಬಿಡುವ ಹಾಗಿಲ್ಲ ಅಲ್ವಾ? ನನ್ನ ಕಣ್ಣಿಗೆ ಕಂಡದ್ದು ಅದೊಂದೇ. ಉಳಿದದ್ದೆಲ್ಲ ಸತ್ತವನ ತಮ್ಮ ಮರಳಿನಲ್ಲಿ ಗೆರೆ ಎಳೆದ ಮೇಲೆ ತಿಳಿದದ್ದು.”

ವಾರಿಜಕ್ಕ ಆ ಸಾಲನ್ನೂ ಟೈಪ್ ಮಾಡಿ, ಪ್ರತಿ ತೆಗೆದು ನನ್ನ ಮುಂದಿಟ್ಟರು. ನಾನು ಅದರ ಕೆಳಗೆ ರುಜು ಹಾಕಿದೆ.